20ರ ತಲೆ, 70ರ ತಲೆ: ಎಂಆರ್‌ಐನಲ್ಲಿ ಹೋಲಿಸುವಾಗ ನಾವು ಪಾಲಿಸುವ ಕ್ರಮ

ಒಂದೇ ಯಂತ್ರ, ತಲೆಯ ಸುತ್ತ ಕೂರಿಸುವ ಒಂದೇ ಕಾಯಿಲ್, ಚಿತ್ರ ತೆಗೆಯುವ ಒಂದೇ ಕ್ರಮ. ಅದರೊಳಗೆ 25ರ ಹುಡುಗರನ್ನೂ 70ರ ಹಿರಿಯರನ್ನೂ ಮಲಗಿಸಿ ಮಿದುಳಿನ ಚಿತ್ರ ತೆಗೆದರೆ ಸಿಗುವ ವ್ಯತ್ಯಾಸವೆಲ್ಲ ವಯಸ್ಸಿನದೇ ಎಂದು ತೋರುತ್ತದೆ. ಆದರೆ ಹಿರಿಯರು ಯಂತ್ರದೊಳಗೆ ಹೆಚ್ಚು ಅಲುಗಾಡುತ್ತಾರೆ. ಪರದೆ ಮೇಲಿನದು ಅವರಿಗೆ ಮಸುಕು. ಹೇಳಿದ್ದರಲ್ಲಿ ಅರ್ಧ ಕೇಳಿಸಿರುವುದಿಲ್ಲ. ರಕ್ತನಾಳ ಪೆಡಸಾಗಿರುತ್ತದೆ. ಶಾಲೆಗೆ ಹೋದದ್ದು ನಾಲ್ಕೇ ವರ್ಷ ಇರಬಹುದು. ಇವನ್ನೆಲ್ಲ ಒಂದೊಂದಾಗಿ ಕಳೆದ ಮೇಲೆ ಉಳಿಯುವುದು ವಯಸ್ಸು. ಹಾಸನ, ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರನ್ನು ಸ್ಕ್ಯಾನ್ ಮಾಡುವಾಗ ಹೀಗೆ ಕಳೆಯಲು ನಾವು ಏನೇನು ಮಾಡುತ್ತೇವೆ ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ. ನಮ್ಮದು 1.5 ಟೆಸ್ಲಾ ಯಂತ್ರ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ). 3 ಟೆಸ್ಲಾ ಇರುವವರು ಕೆಲವು ಅಂಕಿಗಳನ್ನು ಬದಲಿಸಿಕೊಳ್ಳಬೇಕು, ಆಯಾ ಜಾಗದಲ್ಲಿ ಹೇಳುತ್ತೇನೆ.

ಕೆಲಸ ಶುರುವಾಗುವುದು ಕ್ಯಾಲೆಂಡರ್ ನೋಡಿಕೊಂಡು. ನವೆಂಬರ್‌ನಿಂದ ಫೆಬ್ರವರಿವರೆಗೆ ತೋಟದ ಜನ ಕಾಫಿ ಕುಯ್ಲಿನಲ್ಲಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಥಂಡಿ, ಹಿರಿಯರಿಗೆ ಕೆಮ್ಮು. ಒಂದು ಕೆಮ್ಮಿಗೆ ತಲೆ 2 ಮಿಲಿಮೀಟರ್ ಜರುಗಿದರೂ ಆ ಚಿತ್ರಸರಣಿ ಹಾಳು. ಹಾಗಾಗಿ 60 ದಾಟಿದವರನ್ನು ಮಾರ್ಚ್‌ನಿಂದ ಮೇ ತಿಂಗಳ ನಡುವೆ, ಬೆಳಗ್ಗೆ 9ರಿಂದ 11ರೊಳಗೆ ಕರೆಯುತ್ತೇವೆ. ಹಿರಿಯರ ಗಮನ, ನೆನಪು ಬೆಳಗ್ಗೆ ಚುರುಕಾಗಿರುತ್ತದೆ. ಕಾಲೇಜು ಹುಡುಗರು ಚುರುಕಾಗುವುದು ಹೊತ್ತೇರಿದ ಮೇಲೆ. ಇಬ್ಬರನ್ನೂ ಸಂಜೆ 4ಕ್ಕೆ ಕೂರಿಸಿದರೆ ಹೊತ್ತಿನ ವ್ಯತ್ಯಾಸವನ್ನು ವಯಸ್ಸಿನ ಖಾತೆಗೆ ಬರೆದಂತೆ. ಬಿಪಿ ಮಾತ್ರೆ ಬಿಡಬಾರದು, ಸಕ್ಕರೆ ಕಾಯಿಲೆಯವರು ಉಪವಾಸ ಬರಬಾರದು ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತೇವೆ, ಅವರಿಗೂ ಅವರ ಮನೆಯವರಿಗೂ. ಸ್ಕ್ಯಾನ್ ಅಂದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರುವುದು ರೂಢಿಯಾಗಿಬಿಟ್ಟಿದೆ. ಬಿ12, ಥೈರಾಯ್ಡ್ ವರದಿ ಮತ್ತು ನಿದ್ದೆ ಮಾತ್ರೆಯ ಲೆಕ್ಕವನ್ನು ಮೊದಲೇ ತೆಗೆದುಕೊಳ್ಳುತ್ತೇವೆ. ಬಿ12 ಕೊರತೆಯಿಂದಲೂ, ಮನಸ್ಸು ಕುಗ್ಗಿದ್ದರೂ ಮರೆವು ಬರುತ್ತದೆ. ಅದನ್ನು ಮುಪ್ಪು ಎಂದು ಬರೆದುಬಿಟ್ಟರೆ ಆ ಮನುಷ್ಯನಿಗೇ ಅನ್ಯಾಯ.

ಇನ್ನು ಕಾಫಿ. ನಮ್ಮ ಸೀಮೆಯಲ್ಲಿ ಇದನ್ನು ಕಡೆಗಣಿಸಿದರೆ ಎಫ್‌ಎಂಆರ್‌ಐ ಮಾಡಿ ಪ್ರಯೋಜನವಿಲ್ಲ. ಎಫ್‌ಎಂಆರ್‌ಐ ಹಿಡಿಯುವುದು ನರಕೋಶದ ಕೆಲಸಕ್ಕೆ ತಕ್ಕಂತೆ ರಕ್ತದ ಆಮ್ಲಜನಕದಲ್ಲಾಗುವ ಏರಿಳಿತವನ್ನು. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. 200–250 ಮಿಲಿಗ್ರಾಂ ಒಳಗೆ ಹೋದರೆ ರಕ್ತದ ಹರಿವು ಶೇ 20ರಿಂದ 30ರಷ್ಟು ಇಳಿಯಬಹುದು. ದಿನಾ ಕುಡಿಯುವವರು ಪೂರ್ತಿ ಬಿಟ್ಟು ಬಂದರೆ ಹರಿವು ಏರುತ್ತದೆ, ತಲೆನೋವೂ ಜೊತೆಗೂಡುತ್ತದೆ. ಆದ್ದರಿಂದ ಕಾಫಿ ಬಿಡಿಸುವುದೂ ಇಲ್ಲ, ಬೇಕಾದಷ್ಟು ಕುಡಿಯಲು ಬಿಡುವುದೂ ಇಲ್ಲ: ದಿನಾ ಕುಡಿಯುವವರಾದರೆ ಬೆಳಗ್ಗೆ 6ಕ್ಕೆ ಒಂದು ಲೋಟ, ಆಮೇಲೆ ಸ್ಕ್ಯಾನ್ ಮುಗಿಯುವವರೆಗೆ ಇಲ್ಲ. ಹುಡುಗರಿಗೂ ಅದೇ ನಿಯಮ. ಪುಡಿ ಯಾವುದು ಎಂದೂ ಕೇಳಿ ಬರೆದುಕೊಳ್ಳುತ್ತೇವೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಮನೆ ತೋಟದ ರೊಬಸ್ಟಾ ಹುರಿದು ಪುಡಿ ಮಾಡಿಸಿ ಗಟ್ಟಿ ಡಿಕಾಕ್ಷನ್ ಕುಡಿಯುವ ಹಿರಿಯರನ್ನೂ ಹಾಸ್ಟೆಲ್‌ನಲ್ಲಿ ಹಾಲು ಕುಡಿಯುವ ಹುಡುಗನನ್ನೂ ಹೋಲಿಸಿದರೆ ಸಿಗುವ ವ್ಯತ್ಯಾಸದಲ್ಲಿ ಒಂದು ಪಾಲು ಕಾಫಿಯದು.

ಲೋಹದ ತಪಾಸಣೆ ಹುಡುಗರಲ್ಲಿ ಎರಡು ನಿಮಿಷದ ಕೆಲಸ. ಹಳ್ಳಿಯ ಅಜ್ಜಿಯಂದಿರಲ್ಲಿ 15 ನಿಮಿಷ ಹಿಡಿಯುತ್ತದೆ, ಹಿಡಿಯಲೇಬೇಕು. ತಾಳಿಸರದಲ್ಲಿ ಸಿಕ್ಕಿಸಿದ ಸೇಫ್ಟಿ ಪಿನ್ನು, ಸೆರಗಿನ ಪಿನ್ನು, ತುರುಬಿನ ಹೇರ್‌ಪಿನ್ನು: ಇವು ಕಬ್ಬಿಣದವು, ಯಂತ್ರದ ಬಾಯಿಯಲ್ಲಿ ಹಾರುತ್ತವೆ. ತೋಳಿನ ತಾಯತದೊಳಗೆ ತಗಡು ಇರುತ್ತದೆ, ಉಡಿದಾರದಲ್ಲಿ ಬೀಗದ ಕೈ ಕಟ್ಟಿಕೊಂಡಿರುತ್ತಾರೆ. ಜರಿ ಸೀರೆ ಒಳಗೆ ಬರುವಂತಿಲ್ಲ. ಲೋಹದ ಎಳೆ ಬಿಸಿಯಾಗುತ್ತದೆ. ಕೈಮೇಲೆ ಹಳೆಯ ಹಚ್ಚೆ ಇದ್ದರೆ ಶಾಯಿಯಲ್ಲಿ ಕಬ್ಬಿಣದ ಅಂಶ ಇರಬಹುದು, ಉರಿ ಎನಿಸಿದರೆ ಕೈಯಲ್ಲಿ ಕೊಟ್ಟ ಕರೆಗಂಟೆಯ ಬಲ್ಬ್ ಒತ್ತಿ ಎಂದು ತೋರಿಸಿಕೊಡುತ್ತೇವೆ. ತಾಳಿ ತೆಗೆಯಲು ಒಪ್ಪದವರನ್ನು ಒತ್ತಾಯಿಸುವುದಿಲ್ಲ. ಅಪ್ಪಟ ಚಿನ್ನವನ್ನು ಕಾಂತ ಎಳೆಯುವುದಿಲ್ಲ, ಆದರೆ ಕೊಂಡಿ ಯಾವ ಲೋಹದ್ದೋ ಗೊತ್ತಾಗುವುದಿಲ್ಲ. ಸರವನ್ನು ಬಿಚ್ಚಿ ಅರಿಸಿನದ ದಾರ ಕಟ್ಟಿಕೊಳ್ಳಿ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಪೇಸ್‌ಮೇಕರ್, ಸ್ಟೆಂಟ್, ಮಂಡಿ ಬದಲಾವಣೆಯ ಕಾಗದಪತ್ರವನ್ನು ರೇಡಿಯಾಲಜಿಸ್ಟ್ ನೋಡದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಮಲಗಿಸುವುದರಲ್ಲೇ ಅರ್ಧ ಗೆಲುವು. ಬೆನ್ನು ಬಾಗಿದವರ ತಲೆ ಕಾಯಿಲ್‌ನೊಳಗೆ ಹಿಂದಕ್ಕೆ ವಾಲುತ್ತದೆ, ಹತ್ತೇ ನಿಮಿಷಕ್ಕೆ ಕತ್ತು ನೋವು ಶುರು. ತಲೆಯ ಕೆಳಗೆ ತೆಳು ಪ್ಯಾಡ್ ಸೇರಿಸಿ, ಮಂಡಿ ಕೆಳಗೆ ತ್ರಿಕೋನದ ದಿಂಬು ಇಡುತ್ತೇವೆ. ಕಿವಿಗೆ ಇಯರ್‌ಪ್ಲಗ್, ಮೇಲೆ ಹೆಡ್‌ಫೋನ್. ಸದ್ದು 100 ಡೆಸಿಬೆಲ್ ದಾಟುತ್ತದೆ. ತಲೆಯ ಎರಡೂ ಪಕ್ಕ ಸ್ಪಂಜು. ಕೊನೆಗೆ ಹಣೆಯ ಮೇಲೆ ಅಡ್ಡಲಾಗಿ ಒಂದು ಮೆಡಿಕಲ್ ಟೇಪ್, ಕಾಯಿಲ್‌ನ ಎರಡೂ ಬದಿಗೆ ಅಂಟಿಸಿ. ಟೇಪು ತಲೆಯನ್ನು ಕಟ್ಟಿಹಾಕುವುದಿಲ್ಲ. ಸ್ವಲ್ಪ ಅಲುಗಿದರೆ ಚರ್ಮ ಎಳೆಯುತ್ತದೆ, ಆ ಎಳೆತಕ್ಕೆ ಅವರೇ ತಲೆ ನಿಲ್ಲಿಸಿಕೊಳ್ಳುತ್ತಾರೆ. ಹತ್ತು ರೂಪಾಯಿಯೂ ಆಗದ ಈ ಉಪಾಯದಷ್ಟು ಉಪಕಾರ ನಮಗೆ ಬೇರಾವುದೂ ಮಾಡಿಲ್ಲ. ಕೈ ಜೋಡಿಸಿ ಎದೆ ಮೇಲೆ ಇಟ್ಟುಕೊಳ್ಳುವುದು ಹಿರಿಯರ ಅಭ್ಯಾಸ. ಬಿಡಿಸಿ ಪಕ್ಕಕ್ಕೆ ಇಡಿಸಬೇಕು. ಬರಿಮೈ ಬರಿಮೈಗೆ ತಾಗಿ ಸುತ್ತು ಆದರೆ ಸುಡುವ ಅಪಾಯವಿದೆ.

ಮಾತು ಹೇಗಿರಬೇಕು ಎಂಬುದೂ ಮುಖ್ಯ. "ಅವ್ವಾ, ಟಕಟಕ ಅಂತ ಜೋರು ಸದ್ದು ಬತ್ತದೆ, ಹೆದರಬೇಡಿ. ಉಗುಳು ನುಂಗೋದು, ಕೆಮ್ಮೋದು ಏನಿದ್ರೂ ಸದ್ದು ನಿಂತಾಗ. ಸದ್ದು ಇರೋವಾಗ ನಾನೇನಾದ್ರೂ ಕೇಳಿದ್ರೂ ತಲೆ ಆಡಿಸಬೇಡಿ." ಕೊನೆಯ ವಾಕ್ಯ ಬಿಟ್ಟರೆ ಮೈಕ್‌ನಲ್ಲಿ "ಆರಾಮಾಗಿದ್ದೀರಾ" ಎಂದಾಗ ಹೂಂ ಎಂದು ತಲೆಯಾಡಿಸಿಯೇ ತೀರುತ್ತಾರೆ. ಒಳಗೆ ಹೋಗುವ ಮುನ್ನ ಹೊರಗಿನ ಮಂಚದ ಮೇಲೆ ಐದು ನಿಮಿಷ ಮಲಗಿಸಿ, ಮೊಬೈಲ್‌ನಲ್ಲಿ ಯಂತ್ರದ ಸದ್ದು ಕೇಳಿಸಿ ಅಭ್ಯಾಸ ಮಾಡಿಸುತ್ತೇವೆ.

ಸರಣಿಯ ಕ್ರಮ: ಮೊದಲು ಮಿದುಳಿನ ರಚನೆ ತೋರಿಸುವ ಟಿ1, 1 ಮಿಲಿಮೀಟರ್ ವೋಕ್ಸೆಲ್‌ನದು (ವೋಕ್ಸೆಲ್ ಎಂದರೆ ಚಿತ್ರದ ಅತಿ ಸಣ್ಣ ಘನ), ಐದಾರು ನಿಮಿಷ. ಆಮೇಲೆ ಮಿದುಳಿನೊಳಗಿನ ಕಲೆಗಳನ್ನು ಎತ್ತಿ ತೋರಿಸುವ ಫ್ಲೇರ್. ನಂತರ ಸುಮ್ಮನೆ ಕಣ್ಣು ಬಿಟ್ಟು ಮಲಗಿರುವ ಎಫ್‌ಎಂಆರ್‌ಐ 8 ನಿಮಿಷ, ಕೆಲಸ ಕೊಟ್ಟು ತೆಗೆಯುವುದು 6 ನಿಮಿಷ, ಕೊನೆಗೆ ನರತಂತುಗಳ ಹಾದಿ ತೋರಿಸುವ 30 ದಿಕ್ಕುಗಳ ಡಿಟಿಐ. ಹೊತ್ತು ಹೋದಂತೆ ಅಲುಗಾಟ ಹೆಚ್ಚುವುದರಿಂದ ಕಳೆದುಕೊಳ್ಳಬಾರದ ಚಿತ್ರ ಮೊದಲು. ಎಫ್‌ಎಂಆರ್‌ಐಗೆ ಟಿಆರ್ (ಒಂದು ಚಿತ್ರದಿಂದ ಮುಂದಿನದಕ್ಕೆ ಹಿಡಿಯುವ ಹೊತ್ತು) 2 ಸೆಕೆಂಡಿನ ಆಸುಪಾಸು; ಟಿಇ (ಸಿಗ್ನಲ್ ಹಿಡಿಯುವ ಮುನ್ನ ಕಾಯುವ ಹೊತ್ತು) 1.5 ಟೆಸ್ಲಾದಲ್ಲಿ 50 ಮಿಲಿಸೆಕೆಂಡ್, 3 ಟೆಸ್ಲಾದಲ್ಲಿ 30. ಕತ್ತಿನಲ್ಲಿ ರಕ್ತಕ್ಕೆ ಗುರುತು (ಲೇಬಲ್) ಹಾಕಿ ಮಿದುಳಿಗೆ ಅದರ ಹರಿವನ್ನು ಅಳೆಯುವ ಎಎಸ್‌ಎಲ್ ತೆಗೆಯುವವರು ನೆನಪಿಡಬೇಕಾದ ಅಂಕಿ ಒಂದಿದೆ: ಲೇಬಲ್ ಮಾಡಿದ ಮೇಲೆ ಕಾಯುವ ಸಮಯ 70ರ ಒಳಗಿನವರಿಗೆ 1800 ಮಿಲಿಸೆಕೆಂಡ್, ಮೇಲ್ಪಟ್ಟವರಿಗೆ 2000. ಹಿರಿಯರಲ್ಲಿ ಕತ್ತಿನಿಂದ ಮಿದುಳಿಗೆ ರಕ್ತ ತಡವಾಗಿ ತಲುಪುತ್ತದೆ. ಹುಡುಗರ ಅಂಕಿಯನ್ನೇ ಇಟ್ಟರೆ ರಕ್ತ ಇನ್ನೂ ದಾರಿಯಲ್ಲಿರುವಾಗಲೇ ಚಿತ್ರ ತೆಗೆದು, ಹರಿವು ಕಡಿಮೆ ಎಂದು ಬರೆಯುತ್ತೇವೆ.

ಬುದ್ಧಿಯ ಪರೀಕ್ಷೆಯನ್ನು ಸ್ಕ್ಯಾನ್‌ಗೆ ಮೊದಲು ಮಾಡುತ್ತೇವೆ. ಮುಕ್ಕಾಲು ಗಂಟೆ ಯಂತ್ರದೊಳಗೆ ಮಲಗಿ ದಣಿದವರ ನೆನಪನ್ನು ಅಳೆಯಬಾರದು. ಓದು ಬರಹ ಇಲ್ಲದವರಿಗೆ 100ರಿಂದ 7 ಕಳೆಯುತ್ತ ಹೋಗಿ ಎನ್ನುವುದು, ಗಡಿಯಾರ ಬರೆಯಿರಿ ಎನ್ನುವುದು ಶಾಲೆಯ ಪರೀಕ್ಷೆ, ಮಿದುಳಿನದಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1995ರಲ್ಲಿ ಬಂದ ಹಿಂದಿ ಮೆಂಟಲ್ ಸ್ಟೇಟ್ ಪರೀಕ್ಷೆ ಇದನ್ನು ಮನಗಂಡು ರೂಪಿಸಿದ್ದು. ಅದರ ಜಾಡಿನಲ್ಲೇ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸುವುದನ್ನು ನಾವೂ ಇಟ್ಟುಕೊಂಡಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟಿನಲ್ಲಿ ಕನ್ನಡವೂ ಇದೆ. ಸಿಗುವಂತಿದ್ದರೆ ಅದನ್ನೇ ಬಳಸಬೇಕು; ಇಂಗ್ಲಿಷ್ ಹಾಳೆಯನ್ನು ಕೂತಲ್ಲೇ ಕನ್ನಡ ಮಾಡಿಕೊಂಡು ಕೇಳಬಾರದು.

ಇವತ್ತು ಯಾವ ತಾರೀಕು ಎಂದು ಕೇಳಿದರೆ ಗದ್ದೆ ಕೆಲಸದ ಹಿರಿಯರೊಬ್ಬರು ಸುಮ್ಮನೆ ಕೂರುತ್ತಾರೆ. ಹಾಳೆಯ ಪ್ರಕಾರ ಅದಕ್ಕೆ ಸೊನ್ನೆ. ಯಾವ ಮಳೆ ನಡೀತಿದೆ ಯಜಮಾನ್ರೇ ಎಂದರೆ, "ಭರಣಿ ಮುಗೀತಲ್ಲ, ಕೃತ್ತಿಕೆ ಹುಟ್ಟಿ ನಾಲ್ಕು ದಿನ ಆಯ್ತು" ಎನ್ನುತ್ತಾರೆ. ಕೃತ್ತಿಕೆ ಹುಟ್ಟುವುದು ಮೇ 11ರ ಹೊತ್ತಿಗೆ. ಅಂದರೆ ಅವರು ಮೇ 15ರ ಆಸುಪಾಸು ಎಂದು ಕರಾರುವಾಕ್ಕಾಗಿ ಹೇಳಿದ್ದಾರೆ. ನಿಗದಿತ ಅಂಕವನ್ನು ನಾವು ತಿದ್ದುವುದಿಲ್ಲ, ತಿದ್ದಿದರೆ ಬೇರೆಡೆಯ ಅಂಕಿಗಳ ಜೊತೆ ಹೋಲಿಸಲಾಗದು. ಆದರೆ ಉತ್ತರವನ್ನು ಪಕ್ಕದ ಕಾಲಂನಲ್ಲಿ ಅವರ ಮಾತಿನಲ್ಲೇ ಬರೆಯುತ್ತೇವೆ. ಶಾಲೆಯ ವರ್ಷ, ದುಡಿದ ಕೆಲಸ, ಆಡುವ ಭಾಷೆ ಎಷ್ಟು ಎಂಬುದಕ್ಕೂ ಕಾಲಂ ಇದೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಕನ್ನಡ, ತುಳು, ತಮಿಳು ಮೂರನ್ನೂ ಸರಾಗ ಆಡುವ, ಸಹಿ ಹಾಕಲೂ ಬಾರದ ಹಿರಿಯರಿದ್ದಾರೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಭಾಷೆ ಆಡುವವರಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ತಡವಾಗಿತ್ತು. ಭಾಷೆಯ ಕಾಲಂ ಖಾಲಿ ಬಿಡುವಂಥದ್ದಲ್ಲ.

ಯಂತ್ರದೊಳಗಿನ ಕೆಲಸಕ್ಕೆ ಅಕ್ಷರ ಬೇಡ, ಚಿತ್ರ ಸಾಕು: ಹಲಸು, ಒನಕೆ, ಬುಟ್ಟಿ, ಕತ್ತಿ. ಹಿಂದಿನ ಚಿತ್ರವೇ ಮತ್ತೆ ಬಂದರೆ ಬಟನ್ ಒತ್ತಬೇಕು. ಅದರ ಮುಂದಿನ ಹಂತದಲ್ಲಿ ಎರಡು ಚಿತ್ರ ಹಿಂದಿನದನ್ನು ನೆನಪಿಡಬೇಕು. ಹೊರಗೆ ಅಭ್ಯಾಸ ಮಾಡಿಸಿ ಹತ್ತಕ್ಕೆ ಎಂಟು ಸರಿ ಬಂದ ಮೇಲಷ್ಟೇ ಒಳಗೆ. ಕನ್ನಡಕಕ್ಕೆ ತಿರುಪು ಸಹ ಲೋಹದ್ದಲ್ಲದ ಪ್ಲಾಸ್ಟಿಕ್ ಫ್ರೇಮು, ಬೇರೆ ಬೇರೆ ಪವರ್‌ನ ಮಸೂರ. ಹುಡುಗರಿಗೂ ಹಿರಿಯರಿಗೂ ಒಂದೇ ಹಂತ ಕೊಟ್ಟು ಹೋಲಿಸುವುದು ಸಾಲದು. ಸುಲಭದ ಹಂತದಲ್ಲಿ ಹಿರಿಯರ ಮುಂಮಿದುಳು ಹುಡುಗರದಕ್ಕಿಂತ ಹೆಚ್ಚು ಬೆಳಗುತ್ತದೆ, ಕಷ್ಟದ ಹಂತದಲ್ಲಿ ಬೇಗ ಸೋತು ಇಳಿಯುತ್ತದೆ. 2008ರಲ್ಲಿ ಮನೋವಿಜ್ಞಾನಿಗಳಾದ ಪೆಟ್ರೀಷಿಯಾ ರಾಯ್ಟರ್-ಲೊರೆನ್ಜ್ ಮತ್ತು ಕ್ಯಾಥರೀನ್ ಕ್ಯಾಪೆಲ್ ವಿವರಿಸಿದ್ದು ಇದನ್ನೇ. ಒಂದೇ ಹಂತ ತೆಗೆದವರು ಯಾವ ಹಂತ ಆರಿಸಿದರೋ ಅದರಂತೆ "ಹಿರಿಯರಲ್ಲಿ ಹೆಚ್ಚು" ಅಥವಾ "ಹಿರಿಯರಲ್ಲಿ ಕಡಿಮೆ" ಎಂದು ಬರೆಯುತ್ತಾರೆ. ಕನಿಷ್ಠ ಎರಡು ಹಂತ ಬೇಕೇ ಬೇಕು.

ರಕ್ತನಾಳದ ಪಾಲನ್ನು ಕಳೆಯಲು ಉಸಿರು ಹಿಡಿಸುತ್ತೇವೆ: ಉಸಿರು ಬಿಟ್ಟು 15 ಸೆಕೆಂಡ್ ತಡೆ, 30 ಸೆಕೆಂಡ್ ಬಿಡುವು, ಐದು ಸಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ನಾಳ ಹಿಗ್ಗುತ್ತದೆ, ಸಿಗ್ನಲ್ ಏರುತ್ತದೆ. ಪೆಡಸಾದ ನಾಳ ಹಿಗ್ಗುವುದು ಕಡಿಮೆ. ಈ ಏರಿಕೆಯ ಅಳತೆ ಕೈಯಲ್ಲಿದ್ದರೆ, ಕೆಲಸದ ಹೊತ್ತಿನ ಕಡಿಮೆ ಸಿಗ್ನಲ್ಲಿಗೆ ನರಕೋಶ ಕಾರಣವೋ ಕೊಳವೆ ಕಾರಣವೋ ತಿಳಿಯಬಹುದು. ಉಬ್ಬಸ, ಹೃದಯದ ತೊಂದರೆ ಇರುವವರಿಗೆ ಇದನ್ನು ಮಾಡಿಸುವುದಿಲ್ಲ.

ಕಂಪ್ಯೂಟರ್ ಮುಂದೆ ಕೂತಾಗಿನ ತಪ್ಪುಗಳು ಕಣ್ಣಿಗೆ ಬೀಳುವುದೇ ಇಲ್ಲ. ಅಲುಗಾಡಿದ ಟಿ1ನಲ್ಲಿ ಗ್ರೇ ಮ್ಯಾಟರ್ (ನರಕೋಶಗಳಿರುವ ಬೂದು ಭಾಗ) ಇರುವುದಕ್ಕಿಂತ ತೆಳ್ಳಗೆ ಅಳತೆಗೆ ಬರುತ್ತದೆ. ಮುಪ್ಪಿನ ಸವೆತವೂ ಹಾಗೇ ಕಾಣುವುದರಿಂದ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಎಫ್‌ಎಂಆರ್‌ಐನಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ 0.5 ಮಿಲಿಮೀಟರ್‌ಗಿಂತ ಹೆಚ್ಚು ಜರುಗಿದವನ್ನು ತೆಗೆದುಹಾಕಿ, ಕನಿಷ್ಠ 5 ನಿಮಿಷದ ಶುದ್ಧ ಭಾಗ ಉಳಿದವರನ್ನಷ್ಟೇ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಎದುರು ದಿಕ್ಕಿನ ತಪ್ಪು. ಹಿರಿಯರ ವೈಟ್ ಮ್ಯಾಟರ್‌ನಲ್ಲಿ (ನರತಂತುಗಳ ಬಿಳಿ ಭಾಗದಲ್ಲಿ) ಫ್ಲೇರ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಕಲೆಗಳು ಟಿ1ನಲ್ಲಿ ಬೂದಾಗಿ ಕಾಣುತ್ತವೆ. ತಂತ್ರಾಂಶ ಅವನ್ನು ಗ್ರೇ ಮ್ಯಾಟರ್ ಎಂದು ಎಣಿಸುತ್ತದೆ. ಬಿಪಿ ಹೆಚ್ಚಿರುವವರಲ್ಲಿ ಕಲೆ ಹೆಚ್ಚು, ಅಲ್ಲಿಗೆ ಬಿಪಿ ಇರುವವರ ಗ್ರೇ ಮ್ಯಾಟರ್ ಜಾಸ್ತಿ ಎಂಬ ಅಸಂಬದ್ಧ ಫಲಿತಾಂಶ ಬರುತ್ತದೆ. ಫ್ಲೇರ್ ನೋಡಿ ಕಲೆಗಳನ್ನು ಗುರುತಿಸಿ, ಟಿ1ನಲ್ಲಿ ಆ ಜಾಗಕ್ಕೆ ಸುತ್ತಲಿನ ವೈಟ್ ಮ್ಯಾಟರ್‌ನ ಬೆಲೆ ತುಂಬಿ ಆಮೇಲೆ ಮಿದುಳಿನ ಭಾಗಗಳನ್ನು ಅಳೆಯುವ ತಂತ್ರಾಂಶವಾದ ಫ್ರೀಸರ್ಫರ್‌ಗೆ ಕೊಡಬೇಕು. ಮೂರನೆಯದು ಅಚ್ಚಿನ ತೊಂದರೆ, ಅಂದರೆ ಹೋಲಿಸಲೆಂದು ಎಲ್ಲರ ಮಿದುಳನ್ನೂ ಕೂರಿಸುವ ಮಾದರಿ ಮಿದುಳಿನದು. ಎಲ್ಲರೂ ಬಳಸುವ ಎಂಎನ್‌ಐ 152 ಅಚ್ಚು ಯುವಜನರ ಮಿದುಳಿನ ಸರಾಸರಿ, ಅದೂ ನಮ್ಮವರದ್ದಲ್ಲ. ಹೈದರಾಬಾದಿನ ಐಐಐಟಿ 2019ರಲ್ಲಿ 100 ಭಾರತೀಯರಿಂದ ಮಾಡಿದ ಅಂಥದೇ ಅಟ್ಲಾಸ್ ಇದೆ, ಅದರಲ್ಲಿರುವವರೂ ಯುವಕರೇ. ಅಗಲವಾದ ವೆಂಟ್ರಿಕಲ್ (ಮಿದುಳಿನೊಳಗಿನ ದ್ರವದ ಕುಳಿ) ಇರುವ 75ರ ಮಿದುಳನ್ನು ಇವಕ್ಕೆ ಹಿಗ್ಗಿಸಿ ಕೂರಿಸಿದರೆ ಪಕ್ಕದ ಕಾಡೇಟ್ ಎಂಬ ಭಾಗದ ಜಾಗ ತಪ್ಪುತ್ತದೆ. ಎರಡೂ ಗುಂಪಿನಿಂದ ಸಮಸಂಖ್ಯೆಯಲ್ಲಿ ಆರಿಸಿ ನಮ್ಮದೇ ಅಚ್ಚು ಕಟ್ಟಿಕೊಳ್ಳುತ್ತೇವೆ.

ಇಷ್ಟೆಲ್ಲ ಕಳೆದ ಮೇಲೂ ಗಟ್ಟಿಯಾಗಿ ಉಳಿಯುವುದು ಇವು: ವೆಂಟ್ರಿಕಲ್ ಅಗಲ, ಮುಂಮಿದುಳಿನ ಹೊರಪದರ ತೆಳು, ಮಿದುಳಿನ ಎರಡೂ ಬದಿಯನ್ನು ಬೆಸೆಯುವ ಕಾರ್ಪಸ್ ಕಲೋಸಮ್‌ನ ಮುಂಭಾಗದ ಎಳೆಗಳು ಹಿಂಭಾಗಕ್ಕಿಂತ ಹೆಚ್ಚು ಸಡಿಲ, ಕೆಲಸದ ವೇಗ ನಿಧಾನ. ಪದಸಂಪತ್ತು ಕುಗ್ಗಿರುವುದಿಲ್ಲ, ಹಲವರಲ್ಲಿ ಹುಡುಗರಿಗಿಂತ ಹೆಚ್ಚೇ ಇರುತ್ತದೆ. ಹುಡುಗರು ಒಂದೇ ಬದಿಯ ಮುಂಮಿದುಳಿನಲ್ಲಿ ಮುಗಿಸುವ ಕೆಲಸಕ್ಕೆ ಹಿರಿಯರು ಎರಡೂ ಬದಿ ಬಳಸುವುದನ್ನು ಮಿದುಳು ವಿಜ್ಞಾನಿ ರಾಬರ್ಟೊ ಕಬೇಜಾ 2002ರಲ್ಲಿ ಹೆರಾಲ್ಡ್ ಎಂಬ ಮಾದರಿಯಾಗಿ ಮುಂದಿಟ್ಟರು. ಅವರ ಅಧ್ಯಯನದಲ್ಲಿ ಎರಡೂ ಬದಿ ಬಳಸಿದ್ದು ಚೆನ್ನಾಗಿ ಮಾಡಿದ ಹಿರಿಯರು. ಹಾಗಾಗಿ ಎರಡೂ ಬದಿ ಬೆಳಗಿದ್ದನ್ನು ಕಂಡ ಕೂಡಲೇ ದೋಷ ಎಂದು ನಾನು ಬರೆಯುವುದಿಲ್ಲ, ಆ ವ್ಯಕ್ತಿಯ ಅಂಕ ನೋಡುತ್ತೇನೆ.

ಆದರೂ ಇಂದಿನ 70ರವರು ಇಂದಿನ 25ರವರ ಮುಂದಿನ ರೂಪವಲ್ಲ. ಬೆಳೆದ ಕಾಲ, ತಿಂದ ಊಟ, ಓದಿದ ಶಾಲೆ ಎಲ್ಲವೂ ಬೇರೆ. ಅದಕ್ಕೇ ಭಾರತೀಯ ವಿಜ್ಞಾನ ಸಂಸ್ಥೆಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಗುರಿಯಾಗಿಟ್ಟು, ಅವರನ್ನೇ ಮತ್ತೆ ಮತ್ತೆ ನೋಡುವ ಅಧ್ಯಯನವನ್ನು 2018ರಲ್ಲಿ ಶುರುಮಾಡಿದ್ದು. ನಾವೂ ಸಣ್ಣ ಮಟ್ಟದಲ್ಲಿ ಹಿರಿಯರನ್ನು ಎರಡು ವರ್ಷ ಬಿಟ್ಟು ಮತ್ತೆ ಕರೆಯುತ್ತೇವೆ. ಒಂದೇ ವರ್ಷಕ್ಕೆ ಕರೆದರೆ ಸಾಲದು. ಇಳಿವಯಸ್ಸಿನಲ್ಲಿ ನೆನಪಿಗೆ ಬೇಕಾದ ಭಾಗವಾದ ಹಿಪ್ಪೋಕ್ಯಾಂಪಸ್ ವರ್ಷಕ್ಕೆ ಕುಗ್ಗುವುದು ಶೇ 1–2, ಅಳತೆಯ ತಪ್ಪೇ ಅಷ್ಟಿರಬಹುದು. ಎರಡನೇ ಸಲ ತಂತ್ರಾಂಶದ ಆವೃತ್ತಿ ಬದಲಾಗಿದ್ದರೆ ಹಳೆಯ ಚಿತ್ರಗಳನ್ನೂ ಹೊಸದರಲ್ಲೇ ಮತ್ತೆ ಓಡಿಸುತ್ತೇವೆ. ಮೊದಲ ದಿನದ ಹಾಳೆ ತೆಗೆದು ಮುಂದಿಟ್ಟುಕೊಳ್ಳುತ್ತೇವೆ: ಅದೇ ತಿಂಗಳು, ಅದೇ ಹೊತ್ತು, ಮಂಡಿ ಕೆಳಗೆ ಅದೇ ದಿಂಬು, ಬೆಳಗ್ಗೆ 6ಕ್ಕೆ ಅದೇ ಪುಡಿಯ ಒಂದು ಲೋಟ ಕಾಫಿ.