ಸ್ಪೋರ್ಟ್ಸ್ ಬೈಕಿನಲ್ಲಿ ಪುಣೆಯಿಂದ ಧಾರವಾಡಕ್ಕೆ: ಟ್ಯಾಂಕಿನ ಲೆಕ್ಕ, ಮೈಯ ಲೆಕ್ಕ

ಪುಣೆಯಲ್ಲಿ ನೌಕರಿ ಮಾಡುವ ನಮ್ಮ ಉತ್ತರ ಕರ್ನಾಟಕದ ಹಲವರು ದೀಪಾವಳಿಗೋ ಜಾತ್ರೆಗೋ ಊರಿಗೆ ಹೊರಡುವಾಗ ಬಸ್ಸಿನ ಟಿಕೆಟ್ ಹುಡುಕದೆ ಬೈಕ್ ತೆಗೆಯುತ್ತಾರೆ. ಅದು ಮುಂದಕ್ಕೆ ಬಾಗಿ ಕೂರುವ ಸ್ಪೋರ್ಟ್ಸ್ ಬೈಕ್ ಆಗಿದ್ದರೆ ಮನೆಯವರಿಂದ ಎರಡು ಮಾತು ತಪ್ಪದೆ ಬರುತ್ತವೆ: ಟ್ಯಾಂಕ್ ಸಣ್ಣದು, ಅಷ್ಟು ದೂರಕ್ಕೆ ಸಾಲುವುದಿಲ್ಲ, ಹಾಗೆ ಬಾಗಿ ಕೂತರೆ ಊರು ಮುಟ್ಟುವಷ್ಟರಲ್ಲಿ ಬೆನ್ನು ಉಳಿಯುವುದಿಲ್ಲ. ಎರಡರಲ್ಲೂ ಸತ್ಯವಿದೆ. ಆದರೆ 310 ಸಿಸಿಯ, 11 ಲೀಟರ್ ಟ್ಯಾಂಕಿನ ಬೈಕಿನಲ್ಲಿ ಆರು ವರ್ಷಗಳಿಂದ ಸುಮಾರು 420 ಕಿ.ಮೀ.ಗಳ ಪುಣೆ–ಧಾರವಾಡ ದಾರಿಯನ್ನು ಓಡಾಡಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಇಂಥ ಬೈಕಿನ ಮೇಲೆ ಮೈಗೆ ವಿಶ್ರಾಂತಿ ಬೇಕಾಗುವ ಹೊತ್ತಿಗೆ ಟ್ಯಾಂಕ್ ಇನ್ನೂ ಅರ್ಧ ತುಂಬಿಯೇ ಇರುತ್ತದೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಮೈ ಹೇಳಲಿ. ಪೆಟ್ರೋಲ್ ಹಾಕಿಸುವುದನ್ನು ಆ ನಿಲುಗಡೆಗೆ ಹೊಂದಿಸಿಕೊಳ್ಳೋಣ.

ಮೊದಲು ಮೈಲೇಜ್ ಅಳೆಯಿರಿ

ಮೀಟರಿನ ಪರದೆ ತೋರಿಸುವ ಮೈಲೇಜನ್ನು ನಂಬಿ ದೂರದ ದಾರಿಗೆ ಇಳಿಯಬಾರದು. ಅಳೆಯುವ ಹಳೆಯ ವಿಧಾನವೇ ಇಂದಿಗೂ ಸರಿಯಾದದ್ದು. ಸ್ಪೋರ್ಟ್ಸ್ ಬೈಕುಗಳಿಗೆ ಸಾಮಾನ್ಯವಾಗಿ ಸೆಂಟರ್ ಸ್ಟ್ಯಾಂಡ್ ಇರುವುದಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿದ ಬೈಕಿಗೆ ತುಂಬಿಸಿದರೆ ಪ್ರತಿ ಸಲವೂ ಅಳತೆ ಬೇರೆಯಾಗುತ್ತದೆ. ಆದ್ದರಿಂದ ಬಂಕಿನಲ್ಲಿ ಬೈಕಿನಿಂದ ಇಳಿದು, ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಿಲ್ಲಿ. ಪಂಪಿನವನು ಮರಾಠಿಯಲ್ಲಿ "ಝೀರೋ ಬಘಾ" (ಸೊನ್ನೆ ನೋಡಿ) ಎಂದಾಗ ಮೀಟರನ್ನು ನೋಡಿ, ಆಮೇಲೆ ಕಣ್ಣನ್ನು ಟ್ಯಾಂಕಿನ ಬಾಯಿಯ ಮೇಲಿಡಿ. ನಾಜಲ್ ತಾನಾಗಿ ನಿಂತಾಗ ಮೇಲಿರುವುದು ಬಹುಪಾಲು ನೊರೆ. ಅದು ಅಡಗುವವರೆಗೆ ಕಾದು, ನಿಧಾನವಾಗಿ ಇನ್ನಷ್ಟು ಬಿಡಿಸಿದರೆ ಪೆಟ್ರೋಲ್ ಬಾಯಿಯೊಳಗಿನ ಲೋಹದ ಕೊರಳಿನ ತಳವನ್ನು ಮುಟ್ಟಿ ಹೊಳೆಯುತ್ತದೆ. ಅದೇ ನಿಮ್ಮ ಗುರುತು. ಅದಕ್ಕಿಂತ ಮೇಲೆ ತುಂಬಿಸಬೇಡಿ. ಬಿಸಿಲಿಗೆ ಹಿಗ್ಗಿದ ಪೆಟ್ರೋಲ್ ಹೊರಹರಿಯುವ ಕೊಳವೆಯಿಂದ ಸುರಿದುಹೋಗುತ್ತದೆ.

ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, 150 ಕಿ.ಮೀ.ಗಳಷ್ಟು ಹೆದ್ದಾರಿಯಲ್ಲಿ ಓಡಿಸಿ, ಮತ್ತೆ ಅದೇ ಗುರುತಿಗೆ ತುಂಬಿಸಿ. ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಇನ್ನೊಂದು ದಿನ ಎಚ್ಚರಿಕೆಯ ದೀಪ ಹೊತ್ತಿದ ಕೂಡಲೇ ಬಂಕಿಗೆ ಹೋಗಿ ತುಂಬಿಸಿ. ಟ್ಯಾಂಕಿನ ಒಟ್ಟು ಅಳತೆಯಲ್ಲಿ ಆ ಲೀಟರನ್ನು ಕಳೆದರೆ ದೀಪ ಹೊತ್ತಿದಾಗ ಎಷ್ಟು ಉಳಿದಿರುತ್ತದೆ ಎಂಬುದು ಗೊತ್ತಾಗುತ್ತದೆ. ಈ ಉಳಿಕೆ ಬಳಸುವುದಕ್ಕಲ್ಲ. ಫ್ಯೂಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದೇ ಅದರ ಸುತ್ತಲಿನ ಪೆಟ್ರೋಲ್. ಪದೇ ಪದೇ ತಳ ಕಾಣುವವರೆಗೆ ಓಡಿಸಿದರೆ ಪಂಪಿನ ಆಯುಷ್ಯ ಕಡಿಮೆಯಾಗುತ್ತದೆ.

ನನ್ನ ಬೈಕ್ ಹೆದ್ದಾರಿಯಲ್ಲಿ ಲೀಟರಿಗೆ 32 ಕಿ.ಮೀ. ಕೊಡುತ್ತದೆ. 11 ಲೀಟರಿಗೆ 352 ಎಂದು ಕಾಗದದ ಮೇಲೆ ಬರುತ್ತದಾದರೂ ಉಳಿಕೆಯ 2 ಲೀಟರ್ ಬಿಟ್ಟರೆ 288. ಎದುರು ಗಾಳಿ, ಸಾಮಾನು, ರಸ್ತೆ ಕಾಮಗಾರಿಯ ಸುತ್ತುದಾರಿಗಳನ್ನು ಎಣಿಸಿ ನಾನು 220ಕ್ಕಿಂತ ಹೆಚ್ಚನ್ನು ಯೋಜನೆಯಲ್ಲಿ ಬರೆಯುವುದಿಲ್ಲ. ಯಮಹಾ ಆರ್15, ಟಿವಿಎಸ್ ಅಪಾಚೆ ಆರ್‌ಆರ್ 310 ಎರಡರ ಟ್ಯಾಂಕೂ 11 ಲೀಟರಿನದು. ಕವಾಸಾಕಿ ನಿಂಜಾ 300ರದು 17 ಲೀಟರ್. ದೊಡ್ಡ ಟ್ಯಾಂಕಿನವರೂ ಇದೇ ಎಚ್ಚರಿಕೆಯಿಂದ ಲೆಕ್ಕ ಹಾಕುವುದು ಒಳ್ಳೆಯದು. ಹಳೆಯ ಡೈರಿಯಲ್ಲಿ ಬರೆದಿಟ್ಟ ಮೈಲೇಜನ್ನು ಈಗ ಹಾಗೆಯೇ ಬಳಸಬೇಡಿ. ಇಂದು ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್; ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ.

ವೇಗ ಮತ್ತು ಗಾಳಿ

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚಿದರೂ ತಡೆ ಒಂದೂವರೆ ಪಟ್ಟು ಮೀರುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಮಿತಿಯೂ ಗಂಟೆಗೆ 80 ಕಿ.ಮೀ. ಮಳೆಗಾಲದಲ್ಲಿ ನೈಋತ್ಯದ ಗಾಳಿ ದಕ್ಷಿಣಕ್ಕೆ ಹೊರಟವರನ್ನು ಎದುರಿನಿಂದಲೋ ಬಲಗಡೆಯಿಂದಲೋ ತಳ್ಳುತ್ತದೆ. ಆಗ ಲೆಕ್ಕದಲ್ಲಿ ಇನ್ನಷ್ಟು ಬಿಟ್ಟುಕೊಡಬೇಕು. ಖಂಬಾಟ್ಕಿಯಂಥ ಘಾಟಿಗಳನ್ನು ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಅಪಾಯಕರ, ಅದರಿಂದ ಉಳಿತಾಯವೂ ಇಲ್ಲ: ಗೇರಿನಲ್ಲಿದ್ದು ಎಕ್ಸಲರೇಟರ್ ಪೂರ್ತಿ ಬಿಟ್ಟಾಗ ಇಂಜೆಕ್ಷನ್ ಬೈಕ್ ಎಂಜಿನ್ನಿಗೆ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಕುಡಿಯುತ್ತಲೇ ಇರುತ್ತದೆ.

ಕೈ, ಸೊಂಟ, ಸೀಟು

ಕ್ಲಿಪ್-ಆನ್ ಹ್ಯಾಂಡಲ್ (ಮುಂದಿನ ಫೋರ್ಕಿಗೇ ಬಿಗಿದ, ಎರಡು ತುಂಡಿನ ತಗ್ಗು ಹ್ಯಾಂಡಲ್) ಇರುವ ಬೈಕಿನಲ್ಲಿ ಮೊದಲು ದಣಿಯುವುದು ಮಣಿಕಟ್ಟು, ಬೆನ್ನು ಆಮೇಲೆ. ಹೆದ್ದಾರಿಯಲ್ಲಿ ಎದುರು ಗಾಳಿ ಎದೆಯನ್ನು ತುಸು ಎತ್ತಿ ಹಿಡಿಯುವುದರಿಂದ ಕೈಗಳ ಮೇಲಿನ ಭಾರ ಇಳಿಯುತ್ತದೆ. ಊರೊಳಗಿನ ನಿಧಾನ ಸಂಚಾರದಲ್ಲಿ ಆ ಆಸರೆ ಇಲ್ಲದೆ ಇಡೀ ಮೈಭಾರ ಅಂಗೈಗೆ ಬೀಳುತ್ತದೆ. ಪುಣೆಯ ವಾಕಡ್‌ನಿಂದ ಕಾತ್ರಜ್ ದಾಟುವವರೆಗಿನ ಗಂಟೆಯ ನೋವು ಮುಂದಿನ ನೂರು ಕಿಲೋಮೀಟರಿನದಕ್ಕಿಂತ ಹೆಚ್ಚಾಗಿರುವುದು ಇದರಿಂದಲೇ. ಬೆಳಗಿನ 5 ಗಂಟೆಗೆ ಹೊರಟರೆ ಅರ್ಧ ನೋವು ಅಲ್ಲೇ ತಪ್ಪುತ್ತದೆ.

ಹೊರಡುವ ವಾರ ಮೊದಲೇ ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ನೋಡಿಕೊಳ್ಳಿ. ಸವಾರಿಯ ಭಂಗಿಯಲ್ಲಿ ಕೂತು ಬೆರಳು ಚಾಚಿದಾಗ ಮುಂಗೈ, ಅಂಗೈ, ಬೆರಳು ಒಂದೇ ಗೆರೆಯಲ್ಲಿರಬೇಕು. ಬೆರಳಿಡಲು ಮಣಿಕಟ್ಟನ್ನು ಮೇಲಕ್ಕೆ ಮಡಿಸಬೇಕಾಗುತ್ತಿದ್ದರೆ ಲಿವರಿನ ಬೋಲ್ಟನ್ನು ತುಸು ಸಡಿಲಿಸಿ, ಕೆಳಕ್ಕೆ ತಿರುಗಿಸಿ ಬಿಗಿ ಮಾಡಿ. ಐದು ನಿಮಿಷದ ಕೆಲಸ. ಕಿರುಬೆರಳು, ಉಂಗುರ ಬೆರಳಿಗೆ ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನ ನರ ಒತ್ತಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಪರಿಹಾರವಿರುವುದು ಕಾಲಿನಲ್ಲಿ. ಎರಡೂ ಮಂಡಿಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿದು, ಹೊಟ್ಟೆಯ ಸ್ನಾಯುಗಳಿಂದ ಮೈಯನ್ನು ಹೊತ್ತುಕೊಂಡರೆ ಕೈಗಳು ಹಗುರಾಗಿ, ಮೊಣಕೈ ಸಡಿಲವಾಗಿ ಉಳಿಯುತ್ತವೆ. ಟ್ಯಾಂಕಿನ ಎರಡೂ ಬದಿಗೆ ಅಂಟಿಸುವ ರಬ್ಬರ್ ಗ್ರಿಪ್ ಇದಕ್ಕೆ ಬಹಳ ಸಹಾಯಕ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಇದಕ್ಕೇ ಮಾಡಿ ಎಂಬುದು ನನ್ನ ಸಲಹೆ.

ಗಾಳಿ ತುಂಬಿದ ದಪ್ಪ ಸೀಟ್ ಕುಶನ್ ಹಾಕಲು ಅಂಗಡಿಯವರು ಒತ್ತಾಯಿಸುವುದುಂಟು. ನೆಟ್ಟಗೆ ಕೂರುವ ಬೈಕಿಗೆ ಅದು ಸರಿ. ಸ್ಪೋರ್ಟ್ಸ್ ಬೈಕಿನಲ್ಲಿ ಅದು ಸೊಂಟವನ್ನು ಎತ್ತರಿಸಿ ಮೈಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ, ಮತ್ತೆ ಭಾರ ಮಣಿಕಟ್ಟಿಗೇ ಬರುತ್ತದೆ. ಗಾಳಿಯಾಡುವ ತೆಳುವಾದ ಜಾಳಿಗೆ ಹೊದಿಕೆ, ಒಳಗೆ ಹೊಲಿಗೆ ಒತ್ತದ ಸೈಕ್ಲಿಂಗ್ ಚಡ್ಡಿ ಸಾಕು.

ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳಲೇಬೇಡಿ. ಅದರ ಭಾರವೂ ಕಡೆಗೆ ಅಂಗೈಗೇ ಇಳಿಯುತ್ತದೆ. ಸಾಮಾನನ್ನು ಹಿಂದಿನ ಸೀಟಿನ ಟೇಲ್ ಬ್ಯಾಗಿನಲ್ಲಿ, ಭಾರವಾದದ್ದು ನಿಮಗೆ ಹತ್ತಿರವಿರುವಂತೆ ಇಟ್ಟು, ಪಟ್ಟಿಯ ತುದಿಗಳು ಚೈನಿಗಾಗಲಿ ಸೈಲೆನ್ಸರಿಗಾಗಲಿ ತಾಗದಂತೆ ಕಟ್ಟಿ. ಅಯಸ್ಕಾಂತದಿಂದ ಅಂಟುವ ಟ್ಯಾಂಕ್ ಬ್ಯಾಗ್ ಕೊಳ್ಳುವ ಮುನ್ನ ನಿಮ್ಮ ಟ್ಯಾಂಕಿಗೆ ಅಯಸ್ಕಾಂತ ಹಿಡಿಯುತ್ತದೆಯೇ ನೋಡಿ. ಮೇಲೆ ಪ್ಲಾಸ್ಟಿಕ್ ಹೊದಿಕೆಯಿದ್ದರೆ ಹಿಡಿಯುವುದಿಲ್ಲ.

ನಿಲುಗಡೆಗಳು

ಮೊದಲ ವರ್ಷ ನಾನು ದೀಪ ಹೊತ್ತುವವರೆಗೆ ನಿಲ್ಲಬಾರದು ಎಂದುಕೊಂಡು ಹೊರಟಿದ್ದೆ. ಕೊಲ್ಹಾಪುರ ದಾಟಿದ ಮೇಲೆ ದೀಪ ಹೊತ್ತಿತು. ಎದುರಾದ ಬಂಕಿನ ಬಾಯಿಗೆ ಹಗ್ಗ ಕಟ್ಟಿ "ಪೆಟ್ರೋಲ್ ಇಲ್ಲ" ಎಂದು ಹಲಗೆ ತೂಗುಹಾಕಿದ್ದರು, ಇನ್ನೊಂದು ಬಂಕ್ ಹೆದ್ದಾರಿಯ ಆಚೆ ಬದಿಗಿತ್ತು. ನಿಪ್ಪಾಣಿಯವರೆಗೆ ಜೀವ ಕೈಯಲ್ಲಿ ಹಿಡಿದು ಹೋದೆ. ಇಳಿದಾಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೆರಳುಗಳು ಮಾತು ಕೇಳಲಿಲ್ಲ. ಆ ಬೆರಳುಗಳಿಂದ ಬ್ರೇಕ್ ಹಿಡಿಯುತ್ತ ಬಂದಿದ್ದೆ ಎಂಬುದು ಪೆಟ್ರೋಲ್ ಮುಗಿಯುವುದಕ್ಕಿಂತ ದೊಡ್ಡ ಭಯ.

ಈಗಿನ ನನ್ನ ಯೋಜನೆ ಹೀಗಿದೆ. ಪುಣೆಯಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ ಸುಮಾರು 110 ಕಿ.ಮೀ.ಗೆ ಸಾತಾರಾ, ಅಲ್ಲಿಂದ 120ಕ್ಕೆ ಕೊಲ್ಹಾಪುರ, ಮತ್ತೆ 110ಕ್ಕೆ ಬೆಳಗಾವಿ, ಕಡೆಗೆ 80ಕ್ಕೆ ಧಾರವಾಡ. ಮೂರೂ ಊರಲ್ಲಿ ಬಾಯಾರಿಕೆ ಇರಲಿ ಬಿಡಲಿ ನೀರು ಕುಡಿದು, 15 ನಿಮಿಷ ನಡೆದಾಡಿ, ಮಣಿಕಟ್ಟು ತಿರುಗಿಸಿ, ಪೆಟ್ರೋಲ್ ಹಾಕಿಸಿಕೊಂಡೇ ಹೊರಡುತ್ತೇನೆ. ಪ್ರತಿ ಸಲ ಹಿಡಿಯುವುದು ನಾಲ್ಕು ಲೀಟರಿಗಿಂತ ಕಡಿಮೆ. ಒಂದು ಬಂಕ್ ಮುಚ್ಚಿದ್ದರೂ ಮುಂದಿನ ಊರಿಗೆ ಧಾರಾಳವಾಗಿ ಮುಟ್ಟಬಹುದು.

ಗೋವಾಕ್ಕೆ ಹೋಗುವವರು ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜ್, ಆಜರಾ ಮೇಲೆ ಅಂಬೋಲಿ ಘಾಟಿಗೆ ಹೊರಳುವ ಮುನ್ನವೇ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂಬೈಯಿಂದ ಬರುವವರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲದ ಕಾರಣ ಖಂಡಾಳಾದ ಹಳೆಯ ಹೆದ್ದಾರಿಯಲ್ಲೇ ಬರಬೇಕು; ಅವರು ಪುಣೆಯಲ್ಲಿ ಒಂದು ರಾತ್ರಿ ತಂಗಿ ಮುಂದುವರಿಯುವುದು ಮೇಲು.

ಹೊರಡುವ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಸಾಮಾನು ಹೊತ್ತಾಗ ಎಷ್ಟಿರಬೇಕೆಂಬುದು ಬೈಕಿನ ಕೈಪಿಡಿಯಲ್ಲೋ ಚೈನಿನ ಬಳಿಯ ಸ್ಟಿಕರಿನಲ್ಲೋ ಇರುತ್ತದೆ. ಚೈನಿಗೆ ಎಣ್ಣೆಯನ್ನು ಹಿಂದಿನ ರಾತ್ರಿ, ಓಡಿಸಿ ಬಂದು ಅದು ಇನ್ನೂ ಬೆಚ್ಚಗಿರುವಾಗ ಹಾಕಿ. ಧಾರವಾಡ ಮುಟ್ಟಿದ ಮೇಲೆ ಇನ್ನೊಮ್ಮೆ ಹಾಕಿಯೇ ವಾಪಸು ಹೊರಡಿ.