ಬೆಂಗಳೂರಿಂದ ಲಂಡನ್‌ಗೆ ವಿಮಾನ ಎಷ್ಟು ಹೊತ್ತು? ಮನೆಯಲ್ಲೇ ಲೆಕ್ಕ ಹಾಕಿ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಅವರು ವಿಮಾನ ಹತ್ತಿದ ಮೇಲೆ ಅಪ್ಪ ಅಮ್ಮನಿಗೆ ಒಂದೇ ಚಿಂತೆ. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ಲಂಡನ್ ಅಂತ ಟಿಕೆಟ್‌ನಲ್ಲಿದೆ, ಸಂಜೆ ಐದಾದರೂ ಫೋನ್ ಇಲ್ಲ ಅಂತ. ಗಾಬರಿ ಬೇಡ, ಐದು ಗಂಟೆಗೆ ವಿಮಾನ ಇನ್ನೂ ಮೇಲೇ ಇರುತ್ತದೆ. ಹೊರಡುವ ಟೈಮು ಇಲ್ಲಿನದು, ತಲುಪುವ ಟೈಮು ಅಲ್ಲಿನದು, ಅಷ್ಟೇ.

ಮೊದಲು ದೂರ ನೋಡೋಣ. ಗೂಗಲ್ ಮ್ಯಾಪ್ಸನ್ನು ಕಂಪ್ಯೂಟರ್‌ನಲ್ಲಿ ತೆರೆದು, ದೇವನಹಳ್ಳಿ ಏರ್‌ಪೋರ್ಟ್ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿದರೆ ದೂರ ಅಳೆಯುವ ಆಯ್ಕೆ ಸಿಗುತ್ತದೆ. ಆಮೇಲೆ ಲಂಡನ್‌ನ ಹೀಥ್ರೂ ಏರ್‌ಪೋರ್ಟ್ ಮೇಲೆ ಕ್ಲಿಕ್ ಮಾಡಿ. ಸುಮಾರು 8,040 ಕಿ.ಮೀ. ಬರುತ್ತದೆ. ಗೋಡೆಯ ನಕಾಶೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಭೂಮಿ ದುಂಡಗಿದೆ, ಆ ಅಳತೆ ತಪ್ಪಾಗುತ್ತದೆ. ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ದಾರ ಎಳೆದು ಬಿಗಿಯಾಗಿ ಹಿಡಿದು ನೋಡಿ, ಹತ್ತಿರದ ದಾರಿ ಅದೇ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೀಗೆ ದಾರ ಹಿಡಿದರೆ ಉತ್ತರ ಧ್ರುವದ ಹತ್ತಿರ ಹೋಗುತ್ತದೆ, ದೂರ ಸುಮಾರು 14,000 ಕಿ.ಮೀ. ಮಕ್ಕಳಿಗೆ ಇದನ್ನು ತೋರಿಸಿ, ಅವರ ಕಣ್ಣು ಅರಳುತ್ತದೆ.

ಇನ್ನು ಹೊತ್ತು. ದೊಡ್ಡ ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ 850ರಿಂದ 900 ಕಿ.ಮೀ. ಓಡುತ್ತದೆ. ದೂರವನ್ನು 850ರಿಂದ ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ. ಲಂಡನ್‌ಗೆ ಹತ್ತು ಗಂಟೆ ಬಂತಲ್ವಾ? ಇದು ಅಂದಾಜು. ಹೋಗುವಾಗ ಇನ್ನೂ ಸ್ವಲ್ಪ ಜಾಸ್ತಿ, ಬರುವಾಗ ಕಡಿಮೆ, ಯಾಕೆಂದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಬರುವ ವಿಮಾನವನ್ನು ತಳ್ಳುತ್ತದೆ. ದಾರಿ ಸುತ್ತಾದರೂ ಹೊತ್ತು ಹೆಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಯುರೋಪ್‌ಗೆ ಹೋಗುವವು ಹೀಗೇ ಸುತ್ತಬೇಕಾಯಿತು.

ಟಿಕೆಟ್ ನೋಡಿ ಲೆಕ್ಕ ಹಾಕೋದು ಇನ್ನೂ ಸುಲಭ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮೇಲಿನ ಟಿಕೆಟ್‌ನಲ್ಲಿ 7ರಿಂದ 12.30ರವರೆಗೆ ಕಾಣುವ ಐದೂವರೆ ಗಂಟೆಗೆ ಇನ್ನೊಂದು ಐದೂವರೆ ಕೂಡಿಸಿ, 11 ಗಂಟೆ. ಬರುವ ಟಿಕೆಟ್‌ನಲ್ಲಿ ಅಷ್ಟನ್ನೇ ಕಳೆಯಿರಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರ ಮುಂದಿಡುತ್ತಾರೆ, ಆಗ ನಾಲ್ಕೂವರೆ. ಟೈಮಿನ ಪಕ್ಕ ಪ್ಲಸ್ ಒಂದು ಅಂತಿದ್ದರೆ ಮಾರನೇ ದಿನ ಅಂತ ಅರ್ಥ.

ದುಬೈ ಮೇಲೆ ಹೋದರೆ ತುಂಬಾ ಸುತ್ತು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ದುಬೈಗೆ ಸುಮಾರು 2,700, ಅಲ್ಲಿಂದ ಲಂಡನ್‌ಗೆ 5,500, ಒಟ್ಟು 8,200 ಕಿ.ಮೀ. ಜಾಸ್ತಿ ಹೊತ್ತು ಹೋಗೋದು ಅಲ್ಲಿ ಕಾಯೋದರಲ್ಲಿ.

ಕರೆದುಕೊಂಡು ಬರಲು ಹೋಗುವವರು ವಿಮಾನದ ನಂಬರ್ ಇಟ್ಟುಕೊಂಡು, ವಿಮಾನ ಈಗ ಎಲ್ಲಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ನೋಡುತ್ತಿರಿ. ಇಳಿದ ಮೇಲೂ ಇಮಿಗ್ರೇಷನ್, ಲಗೇಜು ಅಂತ ತಡವಾಗುತ್ತದೆ. ಹಾಗಾಗಿ ಚಿಕ್ಕಬಳ್ಳಾಪುರದವರು ವಿಮಾನ ಇಳಿಯುವ ಹೊತ್ತಿಗೆ ಮನೆ ಬಿಟ್ಟರೂ ಸಾಕು. ತುಮಕೂರಿನವರು ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬರೋದಾದರೆ ವಿಮಾನ ಇನ್ನೂ ಅರಬ್ಬಿ ಸಮುದ್ರದ ಮೇಲಿರುವಾಗಲೇ ಹೊರಡಿ.