ವೇತನ ಒಪ್ಪಂದದ ಮಾತುಕತೆ: ಯೂನಿಯನ್ ಎದುರು ಕೂರುವ ಮ್ಯಾನೇಜರ್ ಏನೇನು ಮಾಡಬೇಕು?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಆಚೆ ನಂಜನಗೂಡು, ಮಂಡ್ಯದ ಕಡೆ ಹೋದರೆ ತೂಬಿನಕೆರೆ. ಈ ಭಾಗದ ಕಾರ್ಖಾನೆಗಳಲ್ಲಿ ಒಪ್ಪಂದದ ಮಾತುಕತೆ ತಿಂಗಳುಗಟ್ಟಲೆ ಎಳೆಯುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಒಳ್ಳೆ ಮ್ಯಾನೇಜರ್‌ಗಳೇ ದುಡ್ಡಿನ ಮಾತು ಬಂದಾಗ ಎಡವುತ್ತಾರೆ. ಹಾಗಾಗಿ ಆ ಹಂತವನ್ನು ಬಿಡಿಸಿ ಹೇಳುತ್ತೇನೆ, ಉಳಿದದ್ದನ್ನು ಬೇಗ ಮುಗಿಸೋಣ.

ಹಂತ 1: ಯಾರ ಜೊತೆ ಮಾತು?

ಯೂನಿಯನ್, ಮುಷ್ಕರ, ಒಪ್ಪಂದಗಳ ಹೊಸ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಯೂನಿಯನ್ ಒಂದಕ್ಕಿಂತ ಜಾಸ್ತಿ ಇದ್ದರೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51ರಷ್ಟು ಬೆಂಬಲ ಇರುವ ಯೂನಿಯನ್ ಜೊತೆಗೇ ಮಾತುಕತೆ. ಅಷ್ಟು ಯಾರಿಗೂ ಇಲ್ಲದಿದ್ದರೆ, ಶೇ 20ಕ್ಕೆ ಕಡಿಮೆಯಿಲ್ಲದ ಬೆಂಬಲ ಇರುವ ಯೂನಿಯನ್‌ಗಳೆಲ್ಲ ಸೇರಿ ಒಂದು ಮಂಡಳಿ. ಮಾತು ಕೇಳುವ ಚಿಕ್ಕ ಗುಂಪನ್ನು ಹಿಡಿದು ಒಳಗೊಳಗೇ ಮುಗಿಸೋಣ ಅನ್ನುವ ಅಡ್ಡದಾರಿ ಬೇಡವೇ ಬೇಡ.

ಹಂತ 2: ಬೇಡಿಕೆ ಪಟ್ಟಿ ಬಂದಾಗ

ತೆಗೆದುಕೊಳ್ಳಿ, ಸ್ವೀಕೃತಿ ಕೊಡಿ, ಮೊದಲ ಸಭೆಯ ದಿನ ಹೇಳಿ. ಅಷ್ಟೇ. ದಸರಾ ಹತ್ತಿರ ಬಂದಿದ್ದರೆ ಬೋನಸ್ ಮಾತು ಮೊದಲು ಮುಗಿಸಿ, ಆಯುಧಪೂಜೆ ಕಳೆದ ಮೇಲೆ ಸಂಬಳಕ್ಕೆ ಬನ್ನಿ. ಎರಡೂ ಒಟ್ಟಿಗೆ ಬೆರೆತರೆ ಬಿಡಿಸುವುದು ಕಷ್ಟ.

ಹಂತ 3: ಲೆಕ್ಕ

ಇಲ್ಲಿ ಆತುರ ಪಡಬೇಡಿ. ಯೂನಿಯನ್ ತಿಂಗಳಿಗೆ 4,000 ಹೆಚ್ಚಿಗೆ ಕೇಳಿದೆ ಅಂದುಕೊಳ್ಳಿ. ಮೊದಲ ದಿನದಿಂದಲೇ ಪೂರ್ತಿ ಕೊಟ್ಟರೆ ಮೂರು ವರ್ಷಕ್ಕೆ ಒಬ್ಬರಿಗೆ 1,44,000 ರೂಪಾಯಿ. ಅದೇ 4,000ವನ್ನು ಮೊದಲ ವರ್ಷ 2,000, ಎರಡನೇ ವರ್ಷ ಇನ್ನೊಂದು ಸಾವಿರ, ಮೂರನೇ ವರ್ಷ ಮತ್ತೊಂದು ಸಾವಿರ ಅಂತ ಹಂಚಿದರೆ 1,08,000. ಒಪ್ಪಂದದ ಹಾಳೆಯಲ್ಲಿ ಕಾಣುವ ಅಂಕಿ ಒಂದೇ, ಖರ್ಚಿನಲ್ಲಿ 36,000 ವ್ಯತ್ಯಾಸ.

ಆಮೇಲೆ, ಏರಿಕೆ ಸಂಬಳದ ಯಾವ ಭಾಗಕ್ಕೆ ಹೋಗುತ್ತದೆ ನೋಡಿ, ಬೇಸಿಕ್‌ಗೋ (ಮೂಲ ವೇತನ) ಭತ್ಯೆಗೋ. ಬೇಸಿಕ್‌ಗೆ ಹಾಕಿದರೆ ಪಿಎಫ್, ಓಟಿ, ಗ್ರಾಚ್ಯುಟಿ ಎಲ್ಲವೂ ಏರುತ್ತವೆ. ಕೆಲಸ ಬಿಡುವಾಗ ಕೊಡುವ ಇಡುಗಂಟಾದ ಗ್ರಾಚ್ಯುಟಿಯನ್ನು ಬಹಳ ಜನ ಮರೆಯುತ್ತಾರೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸರ್ವಿಸ್ ವರ್ಷಗಳಿಂದ ಗುಣಿಸಬೇಕು ಅಲ್ವಾ? ಅಂದರೆ 20 ವರ್ಷ ದುಡಿದವರ ಬೇಸಿಕ್ ಒಂದು ಸಾವಿರ ಏರಿದರೆ, ಹಿಂದಿನ ವರ್ಷಗಳೂ ಸೇರಿ ಗ್ರಾಚ್ಯುಟಿ ಹೊಣೆ ಸುಮಾರು 11,538 ರೂಪಾಯಿ ಏರುತ್ತದೆ. ಹಾಗಾದರೆ ಎಲ್ಲವನ್ನೂ ಭತ್ಯೆಗೆ ಹಾಕಿಬಿಡೋಣ ಅನ್ನಬೇಡಿ. ಹೊಸ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದಷ್ಟೂ ವೇತನವೆಂದೇ ಲೆಕ್ಕ.

ಇನ್ನೊಂದು ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. ಅದರ ಸಂಬಳದ ಮಿತಿ ತಿಂಗಳಿಗೆ 21,000. ಏರಿಕೆಯಿಂದ ಆ ಗೆರೆ ದಾಟಿದ ಕಾರ್ಮಿಕರು ಆ ಅರ್ಧ ವರ್ಷದ ವಂತಿಗೆ ಅವಧಿ ಮುಗಿದ ಮೇಲೆ ಇಎಸ್ಐನಿಂದ ಹೊರಬೀಳುತ್ತಾರೆ. ಮನೆಯಲ್ಲಿ ವಯಸ್ಸಾದ ತಾಯಿಗೆ ಅಲ್ಲೇ ಔಷಧಿ ನಡೆಯುತ್ತಿದ್ದರೆ ಕೈಗೆ ಬಂದ ಏರಿಕೆ ಆಸ್ಪತ್ರೆಗೇ ಹೋಯಿತು. ಗೆರೆಯ ಹತ್ತಿರ ಇರುವವರು ಎಷ್ಟು ಜನ ಅಂತ ಎಣಿಸಿ, ತಂದೆ ತಾಯಿಯೂ ಸೇರುವ ಮೆಡಿಕ್ಲೈಮ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇದನ್ನು ಯೂನಿಯನ್ ಕೇಳುವ ಮೊದಲೇ ನೀವೇ ಎತ್ತಿದರೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಎಕ್ಸೆಲ್ ಶೀಟ್‌ಗಳನ್ನು ನಂಬಬೇಡಿ. ನಾನು ನೋಡಿದವುಗಳಲ್ಲಿ ಹಳೆ ಸರ್ವಿಸ್‌ನ ಗ್ರಾಚ್ಯುಟಿ ಕಾಲಮ್ಮೇ ಇರಲಿಲ್ಲ. ನಿಮ್ಮ ಅಕೌಂಟ್ಸ್‌ನವರ ಜೊತೆ ಕೂತು ಮಾಡಿಸಿ.

ಹಂತ 4: ಮೇಜಿನ ಮೇಲೆ

ಷರತ್ತು ಮೊದಲು, ಅಂಕಿ ಆಮೇಲೆ. "ಶಿಫ್ಟಿಗೆ 400 ಪೀಸ್ ಇರೋದು 430 ಆಗೋದಾದರೆ, ಮೊದಲ ವರ್ಷಕ್ಕೆ 2,000 ಯೋಚಿಸಬಹುದು." ಅಂಕಿ ಮೊದಲು ಬಾಯಿಂದ ಬಿದ್ದರೆ ಅದು ಅವರದಾಯಿತು, ಷರತ್ತಿನ ಮೇಲೆ ಮಾತ್ರ ಜಗಳ ಉಳಿಯುತ್ತದೆ. ಆದರೆ 430 ಅನ್ನುವ ಮುಂಚೆ ನೀವೇ ಲೈನ್ ಹತ್ತಿರ ಹೋಗಿ ಒಂದು ಪೂರ್ತಿ ಶಿಫ್ಟ್ ನಿಲ್ಲಿ. ಮೆಟೀರಿಯಲ್ ಬರುವುದೇ ತಡ, ಮೆಷಿನ್ ದಿನಾ ಕೆಡುತ್ತದೆ ಅನ್ನುವ ಕಡೆ ಟಾರ್ಗೆಟ್ ಏರಿಸಿ ಅನ್ನುವುದು ಅನ್ಯಾಯ. ಕರೆಂಟ್ ಹೋದ, ಮೆಟೀರಿಯಲ್ ಇಲ್ಲದ ಹೊತ್ತನ್ನು ಲೆಕ್ಕದಿಂದ ಕಳೆಯುತ್ತೇವೆ ಅಂತ ಅಲ್ಲೇ ಬರೆದುಕೊಡಿ.

ಪ್ರತಿ ಸಭೆಗೂ ಇನ್ನೂರು, ಇನ್ನೂರು ಅಂತ ಏರಿಸುತ್ತಾ ಹೋಗಬೇಡಿ. ಕಾದರೆ ಇನ್ನೂರು ಗ್ಯಾರಂಟಿ ಅಂತ ನೀವೇ ಕಲಿಸಿದ ಹಾಗಾಗುತ್ತದೆ. ಮೊದಲು 500, ಆಮೇಲೆ 250, ಆಮೇಲೆ 100. ಹೆಜ್ಜೆ ಚಿಕ್ಕದಾಗುತ್ತಿದ್ದರೆ ತಳ ಹತ್ತಿರ ಬಂತು ಅಂತ ಅವರಿಗೇ ತಿಳಿಯುತ್ತದೆ.

ಒಂದು ಘಟ್ಟದಲ್ಲಿ ಯೂನಿಯನ್ ಅಧ್ಯಕ್ಷರು ಹೇಳುತ್ತಾರೆ: "ಇದನ್ನ ಹಿಡ್ಕೊಂಡು ಗೇಟ್ ಮೀಟಿಂಗ್‌ಗೆ ಹೋಗಕ್ಕಾಗಲ್ಲ ಸಾರ್." ಬಹುಪಾಲು ಮ್ಯಾನೇಜರ್‌ಗಳು ಇದನ್ನು ಬೆದರಿಕೆ ಅಂದುಕೊಂಡು ಸಿಡುಕುತ್ತಾರೆ. ಅವರು ಹೇಳುತ್ತಿರುವುದು ನಿಜ, ಅವರನ್ನು ಆರಿಸಿದವರು ಗೇಟಿನಲ್ಲಿ ಕಾಯುತ್ತಿದ್ದಾರೆ. ಸಭೆಯನ್ನು ಅರ್ಧ ಗಂಟೆ ನಿಲ್ಲಿಸಿ, ಟೀ ತರಿಸಿ, ಕೇಳಿ: "ಅಧ್ಯಕ್ಷರೇ, ಗೇಟಲ್ಲಿ ಮೊದಲು ಬರೋ ಪ್ರಶ್ನೆ ಯಾವುದು?" ಎಷ್ಟೋ ಸಲ ಉತ್ತರ ಸಂಬಳದ್ದಾಗಿರುವುದಿಲ್ಲ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಪಾಂಡವಪುರದ ಕಡೆ ಬಸ್ ಇಲ್ಲ ಅನ್ನಬಹುದು, ಕ್ಯಾಂಟೀನ್ ಊಟದ್ದಾಗಿರಬಹುದು. ಅದನ್ನು ಬಗೆಹರಿಸಿಕೊಡಿ, ಮತ್ತು ಅದು ಯೂನಿಯನ್ ಕೇಳಿ ಪಡೆದದ್ದು ಅಂತಲೇ ನೋಟಿಸ್ ಬೋರ್ಡ್‌ನಲ್ಲಿ ಹಾಕಿ. ಹೆಸರು ಅವರಿಗೆ ಹೋಗಲಿ.

ಮುಷ್ಕರದ ಮಾತು ಬಂದರೆ ಕಾನೂನು ಗೊತ್ತಿರಲಿ: 14 ದಿನ ಮುಂಚೆ ನೋಟಿಸ್ ಬೇಕು, ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಕಾರ್ಮಿಕರು ಒಂದೇ ದಿನ ಕೂಡಿ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೂ ಅದು ಮುಷ್ಕರವೇ. ಗೊತ್ತಿರಲಿ ಅಂದೆ, ಮೇಜಿನ ಮೇಲೆ ಓದಿ ಹೆದರಿಸಿ ಅನ್ನಲಿಲ್ಲ.

ಹಂತ 5: ಸಹಿ

ಮ್ಯಾನೇಜ್‌ಮೆಂಟ್, ಯೂನಿಯನ್ ಇಬ್ಬರೇ ಮಾಡಿಕೊಂಡ ಒಪ್ಪಂದ ಸಹಿ ಹಾಕಿದ ಯೂನಿಯನ್‌ಗೆ ಸೇರಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಎದುರು ಆದದ್ದು, ಕಾರ್ಖಾನೆಗಳಲ್ಲಿ ಇವತ್ತಿಗೂ ಹಳೆ ಕಾನೂನಿನ ಸೆಕ್ಷನ್ 12(3)ರ ಹೆಸರಲ್ಲಿ ಟ್ವೆಲ್ವ್ ತ್ರೀ ಅನ್ನುತ್ತಾರಲ್ಲ ಅದು, ಯೂನಿಯನ್ ಸದಸ್ಯರಲ್ಲದವರಿಗೂ ಅನ್ವಯ. ನನ್ನ ಮಟ್ಟಿಗೆ ಎರಡನೆಯದೇ ಸರಿ, ಒಂದೆರಡು ವಾರ ಜಾಸ್ತಿ ಹಿಡಿದರೂ ಪರವಾಗಿಲ್ಲ. ಕರಡನ್ನು ಕನ್ನಡದಲ್ಲೂ ಮಾಡಿಸಿ, ಸಹಿಗೆ ಮುಂಚೆ ಎರಡೂ ಕಡೆಯವರು ಸಾಲು ಸಾಲಾಗಿ ಗಟ್ಟಿಯಾಗಿ ಓದಿ. ಮಾತುಕತೆ ನಡೆದ ತಿಂಗಳುಗಳ ಏರಿಕೆಯ ಬಾಕಿ ಹಣ ಯಾವ ದಿನಾಂಕದಿಂದ, ಯಾವ ತಿಂಗಳ ಸಂಬಳದಲ್ಲಿ, ನಡುವೆ ನಿವೃತ್ತರಾದವರಿಗೆ ಉಂಟೋ ಇಲ್ಲವೋ, ಇಷ್ಟು ಅದರಲ್ಲಿ ಸ್ಪಷ್ಟವಾಗಿರಬೇಕು. ಹೊಸ ಸಂಬಳದ ಮೊದಲ ಸ್ಲಿಪ್ ಹಂಚುವ ಮುಂಚೆ ಒಂದಷ್ಟನ್ನು ಯೂನಿಯನ್ ಕಾರ್ಯದರ್ಶಿ ಜೊತೆ ಕೂತು ತಾಳೆ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ.